ಮರಳಿನ ಮೂಟೆಗೆ ದಾರಿ ಕೇಳಿದ ಚಾಲಕರಿಗೆ

1971ರ ಡಿಸೆಂಬರಿನ ಯುದ್ಧದಲ್ಲಿ ಪಠಾಣ್‌ಕೋಟ್–ಜಮ್ಮು ರಸ್ತೆ ರಾತ್ರಿಯೆಲ್ಲ ಕಗ್ಗತ್ತಲಲ್ಲಿರುತ್ತಿತ್ತು. ದೀಪ ಮರೆಮಾಡಿಕೊಂಡು ಬರುವ ಸೇನಾ ಲಾರಿಗಳಿಗೆ ದಾರಿ ತೋರಿಸುವುದು ಮಿಲಿಟರಿ ಪೊಲೀಸರಾದ ನಮ್ಮ ಕೆಲಸವಾಗಿತ್ತು. ಅಂಥದೊಂದು ರಾತ್ರಿ, ತರಬೇತಿ ಕೇಂದ್ರದಿಂದಲೂ ನನ್ನ ಜೊತೆಗಿದ್ದ ಇಬ್ಬರು ಗೆಳೆಯರು ಮರಳಿನ ಮೂಟೆಗಳನ್ನು ಆಳೆತ್ತರಕ್ಕೆ ಪೇರಿಸಿ, ಕಂಬಳಿ ಹೊದಿಸಿ, ತೂಕಡಿಸುತ್ತಿದ್ದ ಹವಾಲ್ದಾರರ ಕೆಂಪು ಟೋಪಿಯನ್ನು ಅದರ ನೆತ್ತಿಗೇರಿಸಿದರು. (ಹವಾಲ್ದಾರರಿಗಿಂತ ಅದೇ ಗಂಭೀರವಾಗಿ ಕಾಣುತ್ತಿತ್ತು.) ಲಾರಿಯಿಂದಿಳಿದು, ‘ಸತ್ ಶ್ರೀ ಅಕಾಲ್, ಉಸ್ತಾದ್’ ಎಂದು ಆ ಮೂಟೆಗೆ ವಂದಿಸಿ, ಸಾಂಬಾದ ದಾರಿಯನ್ನು ಎರಡೆರಡು ಸಲ ಕೇಳಿದ ಸರದಾರ್‌ಜಿ, ನಿಮ್ಮ ಹೆಸರು ನನಗಿಂದಿಗೂ ತಿಳಿಯದು. ಎಚ್ಚೆತ್ತ ಹವಾಲ್ದಾರರು ಗುಡುಗಿದಾಗ, ಟೋಪಿ ರಸ್ತೆಯಲ್ಲಿ ಬಿದ್ದಿತ್ತು, ನಾನೇ ಎತ್ತಿಟ್ಟೆನೆಂದು ನಗು ನುಂಗಿಕೊಂಡು ಹೇಳಿ ಅವರಿಬ್ಬರನ್ನೂ ಶಿಕ್ಷೆಯಿಂದ ಪಾರುಮಾಡಿದಿರಿ. ಅವರ ಪರವಾಗಿಯೂ, ನೀವು ಕೊಟ್ಟುಹೋದ ಬೆಲ್ಲದಲ್ಲಿ ಪಾಲು ಪಡೆದ ನನ್ನ ಪರವಾಗಿಯೂ ತಮಗೆ ಹೃತ್ಪೂರ್ವಕ ಧನ್ಯವಾದಗಳು.