ಮಿಗ್-21ರ ಮೂಗನ್ನು ಕೊನೆಗೆ ಅಂಟಿಸಿ

ಸಂಪಾದಕರೇ,

ಕಳೆದ ವಾರದ ಪುರವಣಿಯಲ್ಲಿ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಕನ್ನಡದಲ್ಲಿ ಈ ಹವ್ಯಾಸದ ಬಗ್ಗೆ ಬರೆಯುವವರೇ ಕಡಿಮೆ, ಹಾಗಾಗಿ ನೋಡಿ ಖುಷಿಯಾಯಿತು. ಆದರೆ ಕತ್ತರಿಸಿ, ಅಂಟಿಸಿ, ಬಣ್ಣ ಹೊಡೆದರೆ ಒಂದೇ ಭಾನುವಾರದಲ್ಲಿ ವಿಮಾನ ರೆಡಿ ಎಂಬ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ. ಆ ಮಾತನ್ನು ನಂಬಿ ಕೂತ ಹುಡುಗನೊಬ್ಬ ನಮ್ಮ ಪಕ್ಕದ ಮನೆಯಲ್ಲೇ ಇದ್ದಾನೆ. ಒಂಬತ್ತನೇ ಕ್ಲಾಸು. ಮಿಗ್-21 ಎಂದರೆ ಅವನಿಗೆ ಪ್ರಾಣ. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ಆ ವಿಮಾನಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಹೇಳಿದರಲ್ಲ, ಅದನ್ನು ಟಿವಿಯಲ್ಲಿ ನೋಡಿದಾಗಿನಿಂದ ದುಡ್ಡು ಕೂಡಿಟ್ಟು ಒಂದು ಕಿಟ್ ತಂದಿದ್ದ. ಭಾನುವಾರ ಸಂಜೆ ಅದನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದಾಗ ಮುಖ ಬಾಡಿತ್ತು.

ಬೆನ್ನಿನ ಮೇಲೆ ಮೂಗಿನಿಂದ ಬಾಲದವರೆಗೆ ಉದ್ದಕ್ಕೂ ಜೋಡಣೆಯ ಗೆರೆ. ಗಾಳಿ ಒಳಗೆ ಹೋಗುವ ಮೂಗಿನ ತೂತಿನೊಳಗೆ ಇನ್ನೊಂದು ಗೆರೆ, ಅಲ್ಲಿಗೆ ಈಗ ಬೆರಳೂ ಹೋಗಲ್ಲ, ಉಜ್ಜುವ ಕಾಗದವೂ ಹೋಗಲ್ಲ. ರೆಕ್ಕೆ ಮೈಗೆ ಸೇರುವ ಕಡೆ ಉಗುರು ತೂರುವಷ್ಟು ಸಂದು. ಪೈಲಟ್ ಕೂರುವ ಜಾಗದ ಗಾಜಿನ ಮುಚ್ಚಳ, ಅಂದರೆ ಕ್ಯಾನೊಪಿ, ಅದರ ಮೇಲೆ ಬೆಳ್ಳಿ ಬಣ್ಣ ಹರಡಿಕೊಂಡಿತ್ತು. ‘ನನಗೆ ಇದು ಆಗಲ್ಲ ಅಂಕಲ್’ ಎಂದ. ಅವನಿಗೆ ಆಗುತ್ತದೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ನನ್ನ ಇಪ್ಪತ್ತು ವರ್ಷದ ಅನುಭವದಲ್ಲಿ ಹೇಳುವುದು ಇಷ್ಟು. ಕೈ ಹೋಗದ ಸಂದಿಗಳನ್ನು ಜಾಸ್ತಿ ಪಾಲು ನಾವೇ ಮಾಡಿಕೊಳ್ಳುತ್ತೇವೆ. ಡಬ್ಬಿಯೊಳಗಿನ ಹಾಳೆಯಲ್ಲಿ 1, 2, 3 ಎಂದು ಕೊಟ್ಟಿರುವ ಕ್ರಮ ಅಂಟಿಸಲು ಬರೆದದ್ದು. ಉಜ್ಜುವವರು, ಬಣ್ಣ ಹೊಡೆಯುವವರು ಎಲ್ಲಿ ಕೈ ಹಾಕಬೇಕು ಎಂಬ ಯೋಚನೆ ಅದರಲ್ಲಿ ಇರುವುದಿಲ್ಲ. ಅದನ್ನು ನಾವೇ ಮಾಡಬೇಕು, ಅಂಟಿನ ಬಾಟಲಿ ತೆರೆಯುವ ಮುಂಚೆಯೇ ಪ್ರತಿ ತುಂಡನ್ನೂ ಒಣದಾಗಿ ಜೋಡಿಸಿ ನೋಡಿ, ಇದು ಅಂಟಿದ ಮೇಲೆ ಇದರ ಹಿಂದೆ ಕಾಗದ ಹೋಗುತ್ತದಾ, ಬ್ರಷ್ ಹೋಗುತ್ತದಾ ಎಂದು ಕೇಳಿಕೊಳ್ಳಬೇಕು. ಹೋಗಲ್ಲ ಎಂದಾದರೆ ಆ ತುಂಡು ಕೊನೆಗೆ.

ಮಿಗ್-21ರ ಮೂಗನ್ನೇ ನೋಡಿ. ಮುಂದೆ ಒಂದು ಉಂಗುರ, ಅದರ ನಡುವೆ ಚೂಪಾದ ಕೋನ್. ಹಾಳೆ ನೋಡಿಕೊಂಡು ಹೋದರೆ ಮೈಯ ಎರಡು ಭಾಗ ಮುಚ್ಚುವಾಗಲೇ ಕೋನ್ ಒಳಗೆ ಸೇರಿ, ಉಂಗುರವೂ ಅಂಟಿ ಆಗಿರುತ್ತದೆ. ಎಷ್ಟೋ ಕಿಟ್‌ಗಳಲ್ಲಿ ಸ್ವಲ್ಪ ಯೋಚಿಸಿದರೆ ಕೋನನ್ನು ಆಮೇಲೆ ಮುಂದಿನಿಂದಲೇ ಇಡಬಹುದು, ಹಿಂದೆ ತಡೆಯುವ ಚಿಕ್ಕ ಮೊಳೆಯಂಥದ್ದೇನಾದರೂ ಇದ್ದರೆ ಕತ್ತರಿಸಿದರೆ ಸಾಕು. ಆಗ ತೂತು ತೆರೆದೇ ಇರುತ್ತದೆ, ಒಳಗಿನ ಗೆರೆ ಉಜ್ಜಬಹುದು, ಬಣ್ಣವನ್ನೂ ಹೊಡೆಯಬಹುದು. ಕೋನಿಗೆ ಹಸಿರು ಬಣ್ಣವನ್ನು ಬೇರೆಯಾಗಿ, ಕೈಯಲ್ಲಿ ಹಿಡಿದು ಹೊಡೆದರೆ ಅಲ್ಲಿ ಪಕ್ಕದ ಜಾಗಕ್ಕೆ ಬಣ್ಣ ತಾಗದಂತೆ ಮುಚ್ಚುವ ಮಾಸ್ಕಿಂಗ್ ಟೇಪೇ ಬೇಡ!

ಗೆರೆ ಯಾಕೆ ಬರುತ್ತದೆ ಎಂದು ಹುಡುಗ ಕೇಳಿದ. ಉಕ್ಕಿನ ಅಚ್ಚು ಎರಡು ಕಡೆಗೆ ತೆರೆದುಕೊಳ್ಳಬೇಕು, ಅದಕ್ಕೇ ಕೊಳವೆಯಂಥ ಮೈಯನ್ನು ಎಡ, ಬಲ ಎಂದು ಸೀಳಿ ಕೊಡುತ್ತಾರೆ. ನಿಜವಾದ ವಿಮಾನಕ್ಕೆ ಬೆನ್ನ ಮೇಲೆ ಆ ಸೀಳು ಇಲ್ಲ. ಹಾಗಂತ ಎಲ್ಲ ಗೆರೆಯೂ ತಪ್ಪಲ್ಲ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ನಿಲ್ಲಿಸಿರುವ ಮಾರುತ್ ಯುದ್ಧವಿಮಾನವನ್ನು ಹತ್ತಿರದಿಂದ ನೋಡಿ. ತಗಡಿಗೆ ತಗಡು ಸೇರುವ ಕಡೆ, ಬಾಗಿಲುಗಳ ಸುತ್ತ ಗೆರೆ ಇದ್ದೇ ಇದೆ. ಯಾವ ಗೆರೆ ವಿಮಾನದ್ದು, ಯಾವುದು ಅಚ್ಚಿನದ್ದು ಎಂದು ತಿಳಿದುಕೊಳ್ಳದೆ ಉಜ್ಜಿದರೆ ಇರಬೇಕಾದ್ದೂ ಅಳಿಸಿಹೋಗುತ್ತದೆ.

ಈಗ ಉಜ್ಜುವ ವಿಷಯ. ಬೆರಳಿಗೆ ಕಾಗದ ಸುತ್ತಿ ಉಜ್ಜಬೇಡಿ, ದಯವಿಟ್ಟು. ಬೆರಳು ಮೆತ್ತಗಿರುತ್ತದೆ, ಸಂದಿಗೆ ತುಂಬಿದ ಪುಟ್ಟಿಯೂ ಪಕ್ಕದ ಪ್ಲಾಸ್ಟಿಕ್ಕೂ ಒಂದೇ ಗಟ್ಟಿ ಇರುವುದಿಲ್ಲ, ಹಾಗಾಗಿ ಒಂದು ಹಾಗೇ ಉಳಿದು ಇನ್ನೊಂದು ಹಳ್ಳ ಬೀಳುತ್ತದೆ. ಚಪ್ಪಟೆ ಜಾಗಕ್ಕೆ ಐಸ್‌ಕ್ರೀಂ ಕಡ್ಡಿಗೆ ಎರಡೂ ಕಡೆ ಅಂಟಿರುವ ಟೇಪಿನಿಂದ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಕಾಗದ, ಅಂಟಿಸಿಕೊಳ್ಳಿ. ಮೂಲೆಗೆ ಅದೇ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ. ಇನ್ನೂ ಚಿಕ್ಕ ಜಾಗಕ್ಕೆ ಹಲ್ಲುಕಡ್ಡಿ. ತೂತಿನ ಒಳಗೆ ಖಾಲಿ ಪೆನ್ ರಿಫಿಲ್ಲಿಗೆ ಕಾಗದ ಸುತ್ತಿದರೆ ಸಾಕು, ಆ ಒಳಗಿನ ಬಾಗಿಗೆ ಅದು ಚೆನ್ನಾಗಿ ಕೂರುತ್ತದೆ. ದುಂಡಗಿನ ಬೆನ್ನಿಗೆ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಹರಿಯದಂತೆ ಅದರ ಬೆನ್ನಿಗೆ ಟೇಪ್ ಹಚ್ಚಿ, ಬೂಟ್ ಪಾಲಿಶ್ ಮಾಡುವವರು ಬಟ್ಟೆಯ ಎರಡು ತುದಿ ಹಿಡಿದು ಎಳೆಯುತ್ತಾರಲ್ಲ, ಹಾಗೆ ಎಳೆಯಿರಿ. ಆಗ ಮೈ ದುಂಡಗೇ ಉಳಿಯುತ್ತದೆ. ಕಾಗದದ ನಂಬರ್ ಹೆಚ್ಚಿದಷ್ಟೂ ಅದು ನುಣುಪು, 400ರಿಂದ ಶುರು ಮಾಡಿ 600, 1000, 1500, 2000. ಮಿಗ್-21ರಂಥ ಬರೀ ಲೋಹದ ಬಣ್ಣದ ವಿಮಾನಕ್ಕೆ 2000ದವರೆಗೂ ಹೋಗಲೇಬೇಕು, ಯಾಕೆಂದರೆ ಹಸಿರು ಬಣ್ಣ ಮುಚ್ಚಿಡುವ ಗೀರನ್ನು ಬೆಳ್ಳಿ ಬಣ್ಣ ಎತ್ತಿ ತೋರಿಸುತ್ತದೆ.

ಗೆರೆ ಹೋಗಿದೆಯಾ ಎಂದು ಕಣ್ಣಿಗೆ ಕಾಣದಿದ್ದರೆ ಅದರ ಮೇಲೆ ಪೆನ್ಸಿಲ್ ಉಜ್ಜಿ, ಆಮೇಲೆ ಹಗುರವಾಗಿ ಕಾಗದ ಆಡಿಸಿ. ಎಲ್ಲಿ ಕಪ್ಪು ಉಳಿಯುತ್ತದೋ ಅಲ್ಲಿ ಇನ್ನೂ ತಗ್ಗು ಇದೆ. ತಗ್ಗು ತುಂಬಲು ಸೂಪರ್ ಗ್ಲೂ ಹಾಕುವವರು ಅದನ್ನು ರಾತ್ರಿಯಿಡೀ ಬಿಡಬೇಡಿ. ಒಂದು ಗಂಟೆಯೊಳಗೆ ಉಜ್ಜಿದರೆ ಸಲೀಸು, ಮರುದಿನಕ್ಕೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿರುತ್ತದೆ.

ರೆಕ್ಕೆಯ ಬುಡದ ಸಂದಿಗೆ ನಾನು ಕಾಗದವನ್ನೇ ಮುಟ್ಟಿಸುವುದಿಲ್ಲ. ಅಲ್ಲಿ ಉಜ್ಜಿದರೆ ಸುತ್ತಲಿನ ರಿವೆಟ್ಟು, ಸಣ್ಣ ಗೆರೆ ಎಲ್ಲ ಹೋಗುತ್ತದೆ. ಮೊದಲು ಸಂದೇ ಬರದ ಹಾಗೆ ನೋಡಬೇಕು. ಮೈಯ ಎರಡು ಭಾಗ ಮುಚ್ಚುವಾಗ, ತುಂಡುಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಒಂದು ಚಿಕ್ಕ ಕಡ್ಡಿ ಕತ್ತರಿಸಿ ಒಳಗೆ ಅಡ್ಡ ಇಟ್ಟರೆ ಮೈ ಕೂದಲೆಳೆಯಷ್ಟು ಅಗಲವಾಗಿ ರೆಕ್ಕೆಗೆ ತಾಗಿಕೊಳ್ಳುತ್ತದೆ. ಎಷ್ಟು ಉದ್ದದ ಕಡ್ಡಿ ಎಂದು ಮೂರು ನಾಲ್ಕು ಸಲ ಇಟ್ಟು ನೋಡಬೇಕು, ಅವಸರ ಬೇಡ. ಇಷ್ಟಾದರೂ ಉಳಿದ ಸಂದಿಗೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಪುಟ್ಟಿ ತುಂಬಿ, ಅದು ಹಸಿ ಇರುವಾಗಲೇ ಒದ್ದೆ ಇಯರ್‌ಬಡ್‌ನಿಂದ ಒರೆಸಿಬಿಡಿ. ಸಂದಿಯೊಳಗಿನದ್ದು ಉಳಿಯುತ್ತದೆ, ಮೇಲಿನದ್ದು ಹೋಗುತ್ತದೆ. ಈ ಒಂದು ಉಪಾಯವನ್ನು ಹುಡುಗನಿಗೆ ತೋರಿಸಿದಾಗ ಅವನ ಮುಖ ನೋಡಬೇಕಿತ್ತು.

ಟೇಪಿನ ವಿಷಯಕ್ಕೆ ಬಂದರೆ, ಇದು ನಮ್ಮ ಹವ್ಯಾಸದವರಿಗೆ ಮಾತ್ರ ಬಂದ ಕಷ್ಟವಲ್ಲ. ಅಮೆರಿಕದ ಮಿನೆಸೋಟಾದಲ್ಲಿ ಕಾರುಗಳಿಗೆ ಎರಡು ಬಣ್ಣ ಹೊಡೆಯುವವರು ಇದೇ ಗೋಳು ಅನುಭವಿಸುತ್ತಿದ್ದರು. ಮರೆಗೆ ಅಂಟಿಸಿದ ಕಾಗದ ಕೀಳುವಾಗ ಬಣ್ಣವೂ ಕಿತ್ತು ಬರುತ್ತಿತ್ತು. ಅದನ್ನು ನೋಡಿ 3ಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಮಾಸ್ಕಿಂಗ್ ಟೇಪ್ ಮಾಡಿದ. ಆದರೆ ಹಾರ್ಡ್‌ವೇರ್ ಅಂಗಡಿಯ ಟೇಪು ಗೋಡೆಗೆ, ಕಾರಿಗೆ ಮಾಡಿದ್ದು. 1/72 ಅಳತೆಯಲ್ಲಿ ಆರಡಿ ಮನುಷ್ಯ ಒಂದಿಂಚು ಆಗುತ್ತಾನೆ, ಕ್ಯಾನೊಪಿಯ ಚೌಕಟ್ಟಿನ ಪಟ್ಟಿ ಒಂದು ಮಿಲಿಮೀಟರ್ ಕೂಡ ಇರಲ್ಲ. ಆ ದಪ್ಪ ಟೇಪು ಅಲ್ಲಿ ಕೂರುವುದಿಲ್ಲ. ದೊಡ್ಡ ಜಾಗಕ್ಕೆ ಬೇಕಿದ್ದರೆ ಬಳಸಿ, ಆದರೆ ಮೊದಲು ಅಂಗೈಗೆ ಎರಡು ಸಲ ಅಂಟಿಸಿ ಕಿತ್ತು ಜಿಗುಟು ಕಡಿಮೆ ಮಾಡಿ, ಗಾಜಿನ ಮೇಲೆ ಅಂಟಿಸಿ ಹೊಸ ಬ್ಲೇಡಿನಿಂದ ಅಂಚು ಕತ್ತರಿಸಿಕೊಳ್ಳಿ. ಸುರುಳಿಯ ಅಂಚು ಯಾವತ್ತೂ ನೇರ ಇರುವುದಿಲ್ಲ. ಕ್ಯಾನೊಪಿಗೆ ಮಾತ್ರ ತಮಿಯಾ ಕಂಪನಿಯದಂಥ ತೆಳು ಹಳದಿ ಜಪಾನಿ ಟೇಪು ಒಂದು ಸುರುಳಿ ತನ್ನಿ. ಅದರ ಮೂಲಕ ಕೆಳಗಿನ ಚೌಕಟ್ಟಿನ ಅಂಚು ಮಸುಕಾಗಿ ಕಾಣುತ್ತದೆ, ಅದೇ ಅದರ ದೊಡ್ಡ ಗುಣ.

ಕ್ಯಾನೊಪಿಗೆ ಒಂದೇ ದೊಡ್ಡ ತುಂಡು ಹಾಕಿ ಸುತ್ತ ಕತ್ತರಿಸಲು ಹೋದರೆ ಬಾಗಿದ ಕಡೆ ಟೇಪು ಸುಕ್ಕಾಗುತ್ತದೆ, ಬಣ್ಣ ಆ ಸುಕ್ಕಿನಲ್ಲೇ ನುಗ್ಗುತ್ತದೆ. ಒಂದು ಮಿಲಿಮೀಟರ್ ಅಗಲದ ಎಳೆಗಳನ್ನು ಕತ್ತರಿಸಿ ಚೌಕಟ್ಟಿನ ಅಂಚಿಗೆ ಮಾತ್ರ ಕೂರಿಸಿ, ಸಪೂರ ಎಳೆ ಬಾಗಿನಲ್ಲೂ ಸಲೀಸಾಗಿ ತಿರುಗುತ್ತದೆ. ಹಲ್ಲುಕಡ್ಡಿಯಿಂದ ಅಂಚನ್ನು ಒತ್ತಿ. ನಡುವೆ ಉಳಿದ ಗಾಜಿಗೆ ಟೇಪಿನ ಚೂರು ಅಥವಾ ಹಚ್ಚಿದ ಮೇಲೆ ರಬ್ಬರಿನಂತೆ ಒಣಗುವ ಮಾಸ್ಕಿಂಗ್ ದ್ರವ. ಇಲ್ಲಿ ಎಲ್ಲರೂ ಮರೆಯುವುದು ಒಂದಿದೆ. ಮಿಗ್-21ರ ಕಾಕ್‌ಪಿಟ್ ಒಳಗೆ ನೀಲಿ ಹಸಿರು ಬಣ್ಣ. ಹೊರಗಿನ ಬೆಳ್ಳಿಗೆ ಮುಂಚೆ ಚೌಕಟ್ಟಿಗೆ ಅದೇ ನೀಲಿ ಹಸಿರು ಹೊಡೆಯಬೇಕು, ಆಗ ಗಾಜಿನ ಮೂಲಕ ನೋಡಿದರೆ ಒಳಗಡೆಯೂ ಸರಿಯಾದ ಬಣ್ಣ ಕಾಣುತ್ತದೆ. ಆಮೇಲೆ ಒಂದು ತೆಳು ಪದರ ಕ್ಲಿಯರ್. ಎಲ್ಲಾದರೂ ಟೇಪಿನ ಕೆಳಗೆ ನುಗ್ಗುವುದಿದ್ದರೆ ಈ ಬಣ್ಣವಿಲ್ಲದ ಕ್ಲಿಯರೇ ನುಗ್ಗಿ ಸಂದಿ ಮುಚ್ಚುತ್ತದೆ. ಕೊನೆಗೆ ಬೆಳ್ಳಿ. ಟೇಪನ್ನು ಮೇಲಕ್ಕೆ ಎಳೆಯದೆ ಅದರ ಮೇಲೇ ಮಡಚಿ ಹಿಂದಕ್ಕೆ ಎಳೆಯಿರಿ, ನಿಧಾನವಾಗಿ.

ಕ್ಯಾನೊಪಿಯನ್ನು ಸೂಪರ್ ಗ್ಲೂನಲ್ಲಿ ಅಂಟಿಸಲೇಬೇಡಿ. ನನ್ನ ಎರಡು ತಿಂಗಳ ಕೆಲಸ ಅದರ ಹೊಗೆಯಿಂದ ಒಂದೇ ರಾತ್ರಿಯಲ್ಲಿ ಬೆಳ್ಳಗೆ ಮಂಜಾಗಿದ್ದು ಇನ್ನೂ ನೆನಪಿದೆ. ಮನೆಯಲ್ಲಿರುವ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದೂ ಇಲ್ಲ.

ಬಾಲದ ರೆಕ್ಕೆಯ ಹಸಿರು ತುದಿಗೂ ಮೊದಲು ಹೇಳಿದ ಕ್ರಮದ ಮಾತೇ ಬರುತ್ತದೆ. ಇಡೀ ವಿಮಾನಕ್ಕೆ ಬೆಳ್ಳಿ ಹೊಡೆದು, ಆಮೇಲೆ ಅದನ್ನೆಲ್ಲ ಮುಚ್ಚಿ ತುದಿಗೆ ಹಸಿರು ಹೊಡೆಯುವುದು ಸುತ್ತುದಾರಿ, ಟೇಪಿನ ಜೊತೆ ಬೆಳ್ಳಿ ಕಿತ್ತು ಬರುವ ಭಯ ಬೇರೆ. ತುದಿಗೆ ಮೊದಲು ಹಸಿರು ಹೊಡೆದು, ಎರಡು ದಿನ ಒಣಗಲು ಬಿಟ್ಟು, ಆ ಬೆರಳುಗುರಿನಷ್ಟು ಜಾಗವನ್ನು ಮಾತ್ರ ಮುಚ್ಚಿದರೆ ಆಯಿತು, ಅಲ್ವಾ? ಚಕ್ರಗಳು ಒಳಗೆ ಮಡಚಿಕೊಳ್ಳುವ ಗುಂಡಿಗಳಿಗೂ ಹಾಗೇ. ಒಳಗಿನ ಬಣ್ಣ ಮೊದಲು, ಅದು ಒಣಗಿದ ಮೇಲೆ ಒದ್ದೆ ಟಿಶ್ಯೂ ಪೇಪರ್ ತುರುಕಿಬಿಡಿ. ಯಾವ ಆಕಾರದ ಮೂಲೆಯಾದರೂ ಅದು ತುಂಬಿಕೊಳ್ಳುತ್ತದೆ, ಆಮೇಲೆ ಚಿಮಟದಲ್ಲಿ ಎಳೆದರೆ ಬರುತ್ತದೆ.

ಮಕ್ಕಳ ಕೈಗೆ ಇದನ್ನು ಕೊಡುವ ಹೆತ್ತವರಿಗೆ ಒಂದು ಮಾತು. ಯಾವಾಗಲೂ ನೀರು ಹಾಕಿಯೇ ಉಜ್ಜಿಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಕಾಗದ ಕಟ್ಟಿಕೊಳ್ಳುವುದೂ ಇಲ್ಲ. ಒಣ ಪುಡಿ ಮೂಗಿಗೆ ಹೋಗಬಾರದು. ಸ್ಪ್ರೇ ಬಣ್ಣ ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ. ಬಟ್ಟೆಯ ಮಾಸ್ಕ್ ಅದರ ವಾಸನೆಯನ್ನು ತಡೆಯುವುದಿಲ್ಲ, ಅದಕ್ಕೆ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಲೇಖನ ಬರೆದವರ ಮೇಲೆ ನನಗೆ ಕೋಪವಿಲ್ಲ. ಇನ್ನಷ್ಟು ಮಕ್ಕಳು ಮೊಬೈಲ್ ಬಿಟ್ಟು ಈ ಕಡೆ ಬರಲಿ ಎಂಬ ಆಸೆ ಅವರಿಗಿದೆ, ನನಗೂ ಇದೆ. ಆದರೆ ಸುಲಭ ಎಂದು ಕರೆದು ತಂದ ಮಗು ಮೊದಲ ಸಂದಿಯಲ್ಲೇ ಸೋತು ಹೋದರೆ ಮತ್ತೆ ಬರುವುದಿಲ್ಲ. ಒಂದು ಕಿಟ್‌ಗೆ ಆರು ವಾರ ಹಿಡಿಯಬಹುದು, ಅದರಲ್ಲಿ ಜಾಸ್ತಿ ಹೊತ್ತು ಉಜ್ಜುವುದಕ್ಕೆ, ಟೇಪ್ ಕತ್ತರಿಸುವುದಕ್ಕೇ ಹೋಗುತ್ತದೆ ಎಂದು ಮೊದಲೇ ಹೇಳಿಬಿಡಿ. ಸಾಧ್ಯವಾದರೆ ಮುಂದಿನ ಪುರವಣಿಯಲ್ಲಿ ಅರ್ಧ ಪುಟ ಇದಕ್ಕೇ ಕೊಡಿ. ಮುಗಿದ ವಿಮಾನದ ಚಿತ್ರದ ಬದಲು ಅರ್ಧ ಉಜ್ಜಿದ, ಪುಟ್ಟಿ ಮೆತ್ತಿದ, ಟೇಪ್ ಸುತ್ತಿದ ವಿಮಾನದ ಚಿತ್ರ ಹಾಕಿ.

ಹುಡುಗನ ಮಿಗ್‌ನ ಉಂಗುರದ ಅಂಟು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಬ್ಲೇಡ್ ತೂರಿಸಿ ಬಿಡಿಸಿದೆವು. ಕೋನ್ ಹೊರಗೆ ಬಂತು. ಈ ವಾರವೆಲ್ಲ ಅವನು ಸ್ಕೂಲಿನಿಂದ ಬಂದ ಮೇಲೆ ಅರ್ಧ ಗಂಟೆ ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ರಿಫಿಲ್ಲಿಗೆ ಕಾಗದ ಸುತ್ತಿ ಉಜ್ಜುತ್ತಿದ್ದಾನೆ. 600 ಮುಗಿದಿದೆ. ಇಲ್ಲಿ ಮಳೆ ಬಿಟ್ಟಿಲ್ಲ, ಇಷ್ಟು ತೇವದಲ್ಲಿ ಲ್ಯಾಕರ್ ಎಂಬ ಬೇಗ ಒಣಗುವ ಬಣ್ಣ ಹೊಡೆದರೆ ಅದು ಬೂದಿ ಹಿಡಿದಂತೆ ಬಿಳಿಚಿಕೊಳ್ಳುತ್ತದೆ, ಹಾಗಾಗಿ ಬೆಳ್ಳಿ ಬಣ್ಣದ ಡಬ್ಬಿಯನ್ನು ಮತ್ತೆ ತೆರೆದಿಲ್ಲ.

ನಿಮ್ಮ ಓದುಗ,
ಶಿವಮೊಗ್ಗ