ಬಿಸಿನೀರಿನ ಸ್ವಿಚ್ಚು ಯಾರ ಕೈಯಲ್ಲಿರಬೇಕು?

ಸಂಪಾದಕರಿಗೆ ನಮಸ್ಕಾರ.

ಬಾಡಿಗೆಯವರು ಕರೆಂಟು ಜಾಸ್ತಿ ಸುಡುತ್ತಾರೆ, ನೀರು ಚೆಲ್ಲುತ್ತಾರೆ, ಹೇಳಿದ ಮಾತು ಕೇಳೋದಿಲ್ಲ ಅಂತ ಮನೆ ಮಾಲೀಕರು ಬರೆಯೋ ಪತ್ರಗಳನ್ನು ಓದುತ್ತಲೇ ಇರುತ್ತೇನೆ. ನಾನೂ ಮನೆ ಬಾಡಿಗೆಗೆ ಕೊಟ್ಟವಳೇ. ಹೋದ ಚಳಿಗಾಲದಲ್ಲಿ ಅಂಥದ್ದೇ ಒಂದು ಪತ್ರ ಬರೆಯೋಕೆ ಪೆನ್ನು ಹಿಡಿದಿದ್ದೆ. ಸದ್ಯ ಬರೆಯಲಿಲ್ಲ. ಬರೆದಿದ್ದರೆ ಮೇಲಿನ ಮನೆಯವರ ಮುಖ ನೋಡೋಕಾಗ್ತಿರಲಿಲ್ಲ.

ನಮ್ಮದು ದಾವಣಗೆರೆ ವಿದ್ಯಾನಗರದಲ್ಲಿ 2008ರಲ್ಲಿ ಕಟ್ಟಿದ ಮನೆ. ಕೆಳಗೆ ನಾವು, ಮೇಲೆ ಬಾಡಿಗೆ. ಮಾಳಿಗೆ ಮೇಲೆ 200 ಲೀಟರಿನ ಸೋಲಾರ್ ಇದೆ, ಎರಡೂ ಮನೆಯ ಬಚ್ಚಲಿಗೆ ಅದರದ್ದೇ ಬಿಸಿನೀರು. ಆಗ ಸೋಲಾರ್ ಹಾಕಿಸಿದರೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ರಿಬೇಟು, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಸಿಗುತ್ತಿತ್ತು. ಆ ಐವತ್ತು ರೂಪಾಯಿ ನಮ್ಮ ಯಜಮಾನರಿಗೆ ಬಹಳ ದೊಡ್ಡ ವಿಷಯ. ಮೋಡ ಕವಿದ ದಿನಕ್ಕೆ ಇರಲಿ ಅಂತ ಟ್ಯಾಂಕಿನ ಒಳಗೆ ಕರೆಂಟಿನಲ್ಲಿ ನೀರು ಕಾಯಿಸೋ 2 ಕಿಲೋವ್ಯಾಟಿನ ಕಾಯಿಲ್ ಒಂದು ಕೂರಿಸಿದ್ದರು. ಅದರ ವೈರು ನಮ್ಮ ಮೀಟರಿಗೆ. ಸ್ವಿಚ್ಚು ನಮ್ಮ ಅಡುಗೆಮನೆ ಬಾಗಿಲ ಹಿಂದೆ, ಕ್ಯಾಲೆಂಡರ್ ಮರೆಯಲ್ಲಿ. ಮನೆ ಕಟ್ಟುವಾಗ ಮೇಲ್ಗಡೆ ಬಾಡಿಗೆಗೆ ಕೊಡ್ತೀವಿ ಅಂತ ಗೊತ್ತಿದ್ದರೂ ಸ್ವಿಚ್ಚು ಅಲ್ಲೇ ಯಾಕೆ ಅಂತ ಯಾರೂ ಕೇಳಲಿಲ್ಲ. ವೈರಿಂಗ್‌ನವರಿಗೆ ಅಲ್ಲಿ ಹತ್ತಿರವಾಯಿತು, ಅಷ್ಟೇ.

ಹದಿನಾರು ವರ್ಷದಲ್ಲಿ ಐದು ಸಂಸಾರ ಬಂದು ಹೋದವು. ಪ್ರತಿಯೊಬ್ಬರ ಹತ್ತಿರವೂ 11 ತಿಂಗಳ ಕರಾರು ಬರೆಸಿಕೊಂಡಿದ್ದೇವೆ. ಫ್ಯಾನು ಎಷ್ಟು, ಟ್ಯೂಬ್‌ಲೈಟು ಎಷ್ಟು, ಬೀಗದ ಕೈ ಎಷ್ಟು, ಮೊಳೆ ಹೊಡೆಯಬಾರದು, ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳೋದು, ಎಲ್ಲ ಅದರಲ್ಲಿದೆ. ಚಳಿಗಾಲದಲ್ಲಿ ಬೆಳಿಗ್ಗೆ ಐದಕ್ಕೆ ಬಿಸಿನೀರು ಬೇಕಾದರೆ ಯಾರನ್ನು ಎಬ್ಬಿಸಬೇಕು ಅಂತ ಒಂದು ಸಾಲೂ ಇಲ್ಲ.

ಈಗ ಮೇಲಿರುವ ಹುಡುಗಿ ನರ್ಸ್. ಒಂದು ವಾರ ಬೆಳಗಿನ ಡ್ಯೂಟಿ, ಒಂದು ವಾರ ರಾತ್ರಿ ಪಾಳಿ. ಬೆಳಗಿನ ಪಾಳಿಯಾದರೆ ಆರು ಗಂಟೆಗೆಲ್ಲ ಮನೆ ಬಿಡಬೇಕು. ರಾತ್ರಿ ಪಾಳಿಯಾದರೆ ಬೆಳಿಗ್ಗೆ ಎಂಟೂವರೆಗೆ ಬರುತ್ತಾಳೆ, ಬಂದವಳೇ ಸ್ನಾನ ಮಾಡಿಯೇ ಮಗೂನ ಎತ್ತಿಕೊಳ್ಳೋದು. ಗಂಡ ಹರಿಹರಕ್ಕೆ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಮನೆಯ ಪದ್ಧತಿ ಬೇರೆ. ಯಜಮಾನರು ಐದೂವರೆಗೆ ಸ್ವಿಚ್ ಹಾಕುತ್ತಾರೆ, ಆರೂವರೆಗೆ ಆರಿಸುತ್ತಾರೆ. ಬೇಸಿಗೆಯಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಮೋಡ ಕವಿದಾಗ ಮಾತ್ರ ಆ ಒಂದು ಗಂಟೆ ಬಿಟ್ಟು ಉಳಿದ ಹೊತ್ತು ನಲ್ಲಿ ಬಿಟ್ಟರೆ ಬರೋದು ಉಗುರುಬೆಚ್ಚಗೂ ಅಲ್ಲದ ನೀರು.

ಮೊದಮೊದಲು ಅವಳು ಮೆಟ್ಟಿಲ ಮೇಲಿಂದ ಮೆಲ್ಲಗೆ ಕೂಗುತ್ತಿದ್ದಳು, "ಟೀಚರ್, ಸ್ವಿಚ್ ಹಾಕ್ತೀರಾ?" ಆಮೇಲೆ ಮಿಸ್ಡ್ ಕಾಲ್ ಶುರುವಾಯಿತು. ಆಮೇಲೆ ಅದೂ ನಿಂತಿತು. ಹೊಂದಿಕೊಂಡರು ಬಿಡು ಅಂದುಕೊಂಡೆ.

ಒಂದು ಭಾನುವಾರ ಹೋಳಿಗೆ ಕೊಡೋಕೆ ಮೇಲೆ ಹೋದಾಗ ಹೊಂದಿಕೊಂಡಿದ್ದು ಹೇಗೆ ಅಂತ ಕಣ್ಣಿಗೆ ಬಿತ್ತು. ಬಚ್ಚಲ ಬಾಗಿಲ ಹತ್ತಿರ ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೆ ನೀರು ಕಾಯಿಸೋ ರಾಡು. ವೈರು ಎಳೆದಿದ್ದು ಮೊಬೈಲ್ ಚಾರ್ಜ್ ಮಾಡೋ ಪಾಯಿಂಟಿಗೆ. ರಾಡು 1500 ವ್ಯಾಟಿನದು, ಅಂದರೆ ಆರೂವರೆ ಆಂಪ್ಸ್ ಎಳೆಯುತ್ತೆ. ಆ ಪಾಯಿಂಟು 6 ಆಂಪ್ಸಿನದು. ಮೂರು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿ, ಒಂದು ಮೂಲೆ ಕರಗಿ ಕೆಳಕ್ಕೆ ಜಾರಿತ್ತು. ಎರಡು ವರ್ಷದ ಮಗು ಅದೇ ಬಕೆಟ್ ಸುತ್ತ ಓಡಾಡುತ್ತಿತ್ತು. ಹೋಳಿಗೆ ತಟ್ಟೆ ಕೈಯಲ್ಲೇ ಉಳಿಯಿತು.

ನಾನು ಹೈಸ್ಕೂಲಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಹೇಳಿದವಳು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸೋಕೆ ಒಂದು ಕಿಲೋಕ್ಯಾಲೊರಿ ಬೇಕು ಅಂತ ಸಾವಿರ ಸಲ ಬೋರ್ಡ್ ಮೇಲೆ ಬರೆದಿದ್ದೇನೆ. ನನ್ನ ತಲೆ ಮೇಲೇ ಇರೋ ಟ್ಯಾಂಕಿಗೆ ಆ ಲೆಕ್ಕ ಹಾಕಿದ್ದು ಆವತ್ತು ರಾತ್ರಿ! ಒಂದು ಯೂನಿಟ್ ಕರೆಂಟು ಅಂದರೆ 860 ಕಿಲೋಕ್ಯಾಲೊರಿ. 15 ಲೀಟರಿನ ಒಂದು ಬಕೆಟ್ಟನ್ನು 20 ಡಿಗ್ರಿಯಿಂದ 40ಕ್ಕೆ ತರೋಕೆ 300 ಸಾಕು, ಯೂನಿಟ್ಟಿನ ಮೂರನೇ ಒಂದು ಭಾಗ. ಎರಡೂ ಮನೆಯ ಐದು ಸ್ನಾನಕ್ಕೆ ಎರಡು ಯೂನಿಟ್ಟೂ ಬೇಡ. ಅದೇ 200 ಲೀಟರ್ ಪೂರ್ತಿ 20ರಿಂದ 55 ಡಿಗ್ರಿಗೆ ಹೋಗಬೇಕಾದರೆ ಎಂಟು ಯೂನಿಟ್ ಬೇಕು, ನಮ್ಮ ಕಾಯಿಲ್‌ಗೆ ನಾಲ್ಕು ಗಂಟೆ ಹಿಡಿಯುತ್ತೆ. ಅಂದರೆ ನಮ್ಮ ಐದೂವರೆ-ಆರೂವರೆ ಪದ್ಧತಿಯಿಂದ ನೀರು ಎಂಟೊಂಬತ್ತು ಡಿಗ್ರಿ ಏರುತ್ತಿತ್ತು, ಅಷ್ಟೇ. ಹಿಂದಿನ ದಿನ ಸ್ವಲ್ಪ ಬಿಸಿಲು ಬಿದ್ದಿದ್ದರೆ ಸ್ನಾನಕ್ಕಾಯಿತು, ಬೀಳದಿದ್ದರೆ ಇಲ್ಲ. ನಮಗೇ ಅಷ್ಟಕ್ಕಷ್ಟೇ ಇದ್ದದ್ದು, ನಮ್ಮದಾದ ಮೇಲೆ ಮೇಲಿನವರಿಗೆ ಏನು ಉಳಿಯುತ್ತೆ?

ಪಶ್ಚಾತ್ತಾಪದ ಭರದಲ್ಲಿ ಮಾಡಿದ್ದು ಇನ್ನೊಂದು ತಪ್ಪು. ರಾಡು ಕಿತ್ತುಬಿಡಮ್ಮ, ರಾತ್ರಿ ಹತ್ತಕ್ಕೆ ಸ್ವಿಚ್ ಹಾಕಿ ಮಲಗ್ತೀವಿ, ನಿನಗೆ ಬೇಕಾದಾಗ ನೀರು ಬಿಟ್ಟುಕೋ ಅಂದೆ. ಥರ್ಮೋಸ್ಟಾಟ್ ಇದೆಯಲ್ಲ, ಬಿಸಿ ಆದ ಮೇಲೆ ತಾನೇ ನಿಲ್ಲುತ್ತೆ ಅನ್ನೋ ಧೈರ್ಯ. ಡಿಸೆಂಬರ್‌ನಲ್ಲಿ ಆರು ದಿನ ಸೂರ್ಯನ ಮುಖವೇ ಕಾಣಲಿಲ್ಲ, ಆರು ರಾತ್ರಿ ಹಾಗೇ ಮಾಡಿದೆವು.

ತಿಂಗಳ ಕೊನೆಗೆ ಬಿಲ್ಲು ಬಂತು. 226 ಯೂನಿಟ್.

ಗೃಹಜ್ಯೋತಿ ಲೆಕ್ಕ ನಿಮ್ಮ ಓದುಗರಿಗೆ ಗೊತ್ತೇ ಇದೆ. ನಮ್ಮ ಮನೆಗೆ 2022-23ರ ಸರಾಸರಿಗೆ ಶೇ. 10 ಸೇರಿಸಿದಷ್ಟು ಉಚಿತ. ಅದನ್ನು ದಾಟಿದರೂ 200ರ ಒಳಗಿದ್ದರೆ ಹೆಚ್ಚಿದ್ದಕ್ಕೆ ಮಾತ್ರ ಕಟ್ಟಬೇಕು. 200 ದಾಟಿತೋ, ಪೂರ್ತಿ ಬಿಲ್ಲು ನಮ್ಮ ತಲೆಗೆ. ಸೊನ್ನೆ ನೋಡಿ ನೋಡಿ ಅಭ್ಯಾಸವಾಗಿದ್ದ ಯಜಮಾನರಿಗೆ ಎರಡು ಸಾವಿರದ ಹತ್ತಿರದ ಬಿಲ್ಲು ನೋಡಿ ಬಿಪಿ ಏರಿತು. "ನೋಡಿದ್ಯಾ ನಿನ್ನ ದಾನ ಧರ್ಮ? ಇಡೀ ದಿನ ನಲ್ಲಿ ಬಿಟ್ಟುಕೊಂಡಿರ್ತಾರೆ. ಅವರ ಮೀಟರ್ ತಣ್ಣಗಿದೆ, ನಮ್ಮದು ಗಿರಗಿರ ತಿರುಗ್ತಿದೆ." ನನಗೂ ಅದು ನಿಜ ಅನ್ನಿಸಿತು. ಮೇಲೆ ಹೋಗಿ ಕೇಳಿಯೂಬಿಟ್ಟೆ, ಸ್ವಲ್ಪ ಖಾರವಾಗಿಯೇ. ಆ ಹುಡುಗಿ ಜಗಳಕ್ಕೆ ಬರಲಿಲ್ಲ. "ಟೀಚರ್, ಆಗ ಮೂರು ದಿನ ಬೆಳಿಗ್ಗೆ ಟ್ಯಾಂಕಿನ ಗಾಳಿ ಪೈಪಿಂದ ಹಬೆ ಬರ್ತಿತ್ತು. ಬಟ್ಟೆ ಒಣಗಾಕೋಕೆ ಹೋದಾಗ ನೋಡ್ದೆ. ಹೇಳಿದ್ರೆ ಬೇಜಾರು ಮಾಡ್ಕೋತೀರೇನೋ ಅಂತ ಸುಮ್ನಾದೆ" ಅಂದಳು.

ಹೇಳೋಕೆ ಹೆದರಿದಳಂತೆ! ನಮ್ಮ ಮನೆ ಟ್ಯಾಂಕು ಕುದಿಯುತ್ತಿದೆ ಅಂತ ನಮಗೆ ಹೇಳೋಕೆ.

ಮಾರನೇ ದಿನ ಎಲೆಕ್ಟ್ರಿಷಿಯನ್ ಕರೆಸಿ ನಾನೂ ಮಾಳಿಗೆ ಹತ್ತಿ ನಿಂತೆ. ಅವನು ಟ್ಯಾಂಕಿನ ಪಕ್ಕದ ಮುಚ್ಚಳ ಬಿಚ್ಚಿ, ನೀರು ಇಳಿಸಿ, ಕಾಯಿಲ್ ಹೊರಗೆ ಎಳೆದ. ಕಾಯಿಲ್ ಅಂತ ಗುರುತೇ ಸಿಗಲಿಲ್ಲ, ಅಷ್ಟು ದಪ್ಪ ಸುಣ್ಣ. ಸ್ಪ್ಯಾನರ್‌ನಲ್ಲಿ ಕುಟ್ಟಿದರೆ ಹಪ್ಪಳದ ಹಾಗೆ ಎದ್ದು ಬಂತು. ನಲ್ಲಿ ನೀರು ಬಾರದ ದಿನ ಟ್ಯಾಂಕಿಗೆ ಬೋರಿನ ನೀರು ಹತ್ತಿಸುತ್ತೇವಲ್ಲ, ಆ ಗಡಸು ನೀರು ಬಿಸಿಯಾದಾಗ ಬಿಡೋ ಸುಣ್ಣ ಅದು. ಥರ್ಮೋಸ್ಟಾಟ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಅದಕ್ಕೊಂದು ಉದ್ದನೆಯ ಕಡ್ಡಿ. ಮೇಲಿದ್ದ ಡಿಗ್ರಿ ಅಂಕಿಗಳು ಯಾವತ್ತೋ ಅಳಿಸಿಹೋಗಿದ್ದವು. ಬಿಚ್ಚಿ ತೋರಿಸಿದ. "ನೋಡ್ರಿ ಅಮ್ಮಾರೆ, ಎರಡೂ ಪಾಯಿಂಟು ಬೆಸುಗೆ ಹಾಕ್ದಂಗೆ ಅಂಟಿಬಿಟ್ಟವೆ. ಇದು ಇನ್ನ ಆಫ್ ಆಗೋ ಮಾತೇ ಇಲ್ಲ." ಇಂಡಿಕೇಟರ್ ಲೈಟು ಹೋಗಿ ಎಷ್ಟು ವರ್ಷವಾಗಿತ್ತೋ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರೂವರೆ ತನಕ ಎಂಟೂವರೆ ಗಂಟೆ, 2 ಕಿಲೋವ್ಯಾಟು, ರಾತ್ರಿಗೆ 17 ಯೂನಿಟ್. ಆರು ರಾತ್ರಿಗೆ ನೂರು. ಬಿಲ್ಲಿನ ಲೆಕ್ಕ ಅಲ್ಲಿಗೆ ಸರಿಹೋಯಿತು. ಗಾಳಿ ಪೈಪು ಕಟ್ಟಿಕೊಂಡಿರಲಿಲ್ಲ ಅನ್ನೋದು ನಮ್ಮ ಪುಣ್ಯ. ಅದೂ ಕಟ್ಟಿದ್ದರೆ ಆ ಹಬೆ ಎಲ್ಲಿಗೆ ಹೋಗಬೇಕಿತ್ತು?

ನಮ್ಮ ಅಜ್ಜಿ ಮನೆಯಲ್ಲಿ ತಾಮ್ರದ ಹಂಡೆ ಇತ್ತು. ಮೆಕ್ಕೆಜೋಳದ ಬೆಂಡು, ಶೇಂಗಾ ಸಿಪ್ಪೆ ತುರುಕಿ ಒಲೆ ಹಚ್ಚೋದು. ಸ್ನಾನ ಮಾಡಿ ಬಂದವರು ಎರಡು ಕೊಡ ನೀರು ತುಂಬಿ, ಒಂದು ಹಿಡಿ ಬೆಂಡು ಒಲೆಗೆ ಹಾಕಿ ಬರಬೇಕು. ಉರಿ ಎಷ್ಟಿದೆ ಅಂತ ಎಲ್ಲರಿಗೂ ಕಾಣುತ್ತಿತ್ತು, ಎಲ್ಲರ ಕೈಗೂ ಸಿಗುತ್ತಿತ್ತು. ಹಂಡೆಯನ್ನು ಹೊಗಳ್ತಿಲ್ಲ, ಆ ಹೊಗೆಗೆ ಅಜ್ಜಿಯ ಕಣ್ಣೇ ಹೋಗಿತ್ತು. ಆದರೆ ಕಾಯಿಸೋರೊಬ್ಬರು, ಮೀಯೋರೊಬ್ಬರು, ಉರಿ ಯಾರಿಗೂ ಕಾಣದು ಅನ್ನೋ ಅವಸ್ಥೆ ಅಲ್ಲಿರಲಿಲ್ಲ.

ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಳೆ. ಫೋನಲ್ಲಿ ಇದನ್ನೆಲ್ಲ ಹೇಳಿದರೆ ನಗುತ್ತಾಳೆ. ಅವಳು ಮೊದಲಿದ್ದ ಮನೆಯಲ್ಲೂ ಇದೇ ಕಥೆಯಂತೆ. ಅಲ್ಲಿ ಇಡೀ ಮನೆ ಬೆಚ್ಚಗಿಡೋಕೆ ಒಂದೇ ಬಾಯ್ಲರು, ಅದರ ಹಳೇ ಗಡಿಯಾರದ ಟೈಮರು ಕೆಳಗಿರೋ ಮಾಲೀಕರ ಕಡೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಂತ ಅವರು ಕಟ್ಟಿಟ್ಟಿದ್ದರು. ರಜೆ ದಿನ ಮಧ್ಯಾಹ್ನ ಇವಳು ಕೋಟು ಹಾಕಿಕೊಂಡು ಓದಬೇಕು. ಕೊನೆಗೆ ಇವಳೂ ಒಂದು ಬ್ಲೋಯರ್ ಹೀಟರ್ ತಂದುಕೊಂಡಳಂತೆ, ನಮ್ಮ ನರ್ಸ್ ಹುಡುಗಿ ರಾಡು ತಂದ ಹಾಗೆ. ಮನೆ ಬಾಡಿಗೆಗೆ ಕೊಟ್ಟವರು ನೀರು ಕಾಯಿಸೋ, ಕೋಣೆ ಬೆಚ್ಚಗಿಡೋ ಸಾಧನಗಳನ್ನು ರಿಪೇರಿ ಮಾಡಿಸಿ ಸುಸ್ಥಿತಿಯಲ್ಲಿಡಬೇಕು ಅಂತ ಅಲ್ಲಿನ 1985ರ ಮಾಲೀಕ-ಬಾಡಿಗೆದಾರರ ಕಾಯಿದೆಯ 11ನೇ ಸೆಕ್ಷನ್ನಿನಲ್ಲೇ ಇದೆ. ಅಷ್ಟಿದ್ದೂ ಟೈಮರ್ ಮುಟ್ಟೋ ಧೈರ್ಯ ಅವಳಿಗಿರಲಿಲ್ಲ. ನಮ್ಮ ಮೇಲಿನ ಮನೆ ಹುಡುಗಿಗೆ ಎಲ್ಲಿಂದ ಬರಬೇಕು ಧೈರ್ಯ?

ಈಗ ಏನು ಮಾಡಿಸಿದ್ದೇವೆ ಅಂತಲೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಕಾಯಿಲ್, ಥರ್ಮೋಸ್ಟಾಟ್ ಎರಡೂ ಹೊಸದು. ಸ್ವಿಚ್ಚನ್ನು ಅಡುಗೆಮನೆಯಿಂದ ಕಿತ್ತು ಮೆಟ್ಟಿಲ ತಿರುವಿಗೆ ತಂದಿದ್ದೇವೆ, ಎರಡೂ ಮನೆಯವರಿಗೆ ಸಿಗುತ್ತೆ, ಕೆಂಪು ಲೈಟು ಎರಡೂ ಬಾಗಿಲಿಗೆ ಕಾಣುತ್ತೆ. ಅದಕ್ಕೊಂದು ಟೈಮರ್, ಒಂದು ಸಲ ಒತ್ತಿದರೆ ಒಂದು ಗಂಟೆ ಓಡಿ ತಾನೇ ನಿಲ್ಲುತ್ತೆ. ಇನ್ನೂ ಬೇಕೆಂದರೆ ಇನ್ನೊಂದು ಸಲ ಒತ್ತಬೇಕು. ಥರ್ಮೋಸ್ಟಾಟ್ ಮತ್ತೆ ಕೈಕೊಟ್ಟರೂ ಟೈಮರ್ ಕಾಯುತ್ತೆ. ಆ ಲೈನಿಗೆ ಲೋಡು ಮೀರಿದರೆ ತಾನೇ ಬೀಳೋ ಪ್ರತ್ಯೇಕ 16 ಆಂಪ್ಸಿನ ಎಂಸಿಬಿ, ಕರೆಂಟು ಸೋರಿದರೆ ಲೈನ್ ಕಡಿದು ಶಾಕ್‌ನಿಂದ ಕಾಪಾಡೋ 30 ಮಿಲಿ ಆಂಪ್ಸಿನ ಇಎಲ್‌ಸಿಬಿ, ಜೊತೆಗೆ ಒಂದು ಸಬ್ ಮೀಟರ್. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಕಾಯಿಲ್ ಬಿಚ್ಚಿ ಸುಣ್ಣ ತೆಗೆಸಬೇಕು ಅಂತ ಎಲೆಕ್ಟ್ರಿಷಿಯನ್ ಹೇಳಿ ಹೋಗಿದ್ದಾನೆ.

ದುಡ್ಡಿನ ವಿಷಯಕ್ಕೆ ಮನೆಯಲ್ಲಿ ಸಣ್ಣ ಮಹಾಭಾರತವೇ ಆಯಿತು. ಮೇಲಿನವರಿಗೋಸ್ಕರ ತಾನೇ ಮಾಡಿಸಿದ್ದು, ಅರ್ಧ ಅವರು ಕೊಡಲಿ ಅಂತ ಯಜಮಾನರು. ನಾನು ಒಪ್ಪಲಿಲ್ಲ. ಟ್ಯಾಂಕು ನಮ್ಮದು, ಅವರು ಬಿಟ್ಟು ಹೋದ ಮೇಲೂ ಇಲ್ಲೇ ಇರುತ್ತೆ, ರಿಪೇರಿ ನಮ್ಮದೇ. ಉರಿಸಿದ ಯೂನಿಟ್ಟು ಮಾತ್ರ ಸಬ್ ಮೀಟರ್ ನೋಡಿ ಇಬ್ಬರೂ ಅರ್ಧರ್ಧ, ಅದೂ ನಮಗೆ ಬಿಲ್ಲು ಬಂದ ತಿಂಗಳು ಮಾತ್ರ. ನಮಗೆ ಸೊನ್ನೆ ಬಂದಾಗ ಅವರ ಹತ್ತಿರ ವಸೂಲಿ ಮಾಡೋದು ಯಾವ ನ್ಯಾಯ? ಇದನ್ನೆಲ್ಲ ಹೊಸ ಕರಾರಿನಲ್ಲಿ ನಾಲ್ಕು ಸಾಲು ಬರೆಸಿದ್ದೇವೆ. ಬರೆದುಕೊಟ್ಟವರು ವಿಚಿತ್ರವಾಗಿ ನೋಡಿದರು, ಇಂಥದ್ದನ್ನು ಯಾರೂ ಬರೆಸೋದಿಲ್ಲ ಮೇಡಂ ಅಂದರು.

ನಿಟ್ಟುವಳ್ಳಿ, ಸರಸ್ವತಿ ನಗರ, ಶಾಮನೂರು ರಸ್ತೆ ಕಡೆ ಈಗ ಎಲ್ಲಿ ನೋಡಿದರೂ ಕೆಳಗೊಂದು ಮೇಲೆರಡು ಅಂತ ಮನೆ ಏಳುತ್ತಿವೆ. ವೈರಿಂಗ್ ಪೈಪು ಗೋಡೆಯೊಳಗೆ ಹೋಗೋ ಮುಂಚೆ ಸೋಲಾರ್ ಕಾಯಿಲ್‌ನ ಲೈನನ್ನು ಮೆಟ್ಟಿಲ ಹತ್ತಿರ ಇಳಿಸಿಕೊಳ್ಳಿ. ಆಗ ಹತ್ತು ಮೀಟರ್ ವೈರಿನಲ್ಲಿ ಮುಗಿಯುತ್ತೆ. ಆಮೇಲೆ ನಮ್ಮ ಹಾಗೆ ಗೋಡೆ ಕೊರೆಯಬೇಕು. ಹಳೇ ಮನೆಯವರು ಇಂದೇ ಒಂದು ಸಲ ಮಾಳಿಗೆ ಹತ್ತಿ, ಥರ್ಮೋಸ್ಟಾಟ್ ಹಾಕಿಸಿದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಿ.

ಮೊನ್ನೆ ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಬಾಗಿಲ ಸಂದಿಯಲ್ಲಿ ಕೆಂಪು ಲೈಟು ಕಾಣುತ್ತಿತ್ತು. ಯಜಮಾನರೂ ಎದ್ದು ನೋಡಿದರು. "ಅವಳದ್ದು ಬೆಳಗಿನ ಡ್ಯೂಟಿ ಇರ್ಬೇಕು" ಅಂದು ಮತ್ತೆ ಹೊದ್ದುಕೊಂಡರು.

— ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ