ಆಫ್ರಿಕಾದ ನೀತಿ ಕಲಿಯಬೇಕೆ? ಒಂದು ಕೌಂಟಿಯ ಬಜೆಟ್ ಓದಿ

ಮಾನ್ಯ ಸಂಪಾದಕರೇ,

ಆಫ್ರಿಕಾದ ಆರೋಗ್ಯ ನೀತಿಯ ಮಾತು ಬಂದರೆ ಮೊದಲು ಕೇಳುವುದು 2001ರ ಅಬುಜಾ ಘೋಷಣೆ. ವಾರ್ಷಿಕ ಬಜೆಟ್ಟಿನ ಕನಿಷ್ಠ ಶೇ 15ರಷ್ಟನ್ನು ಆರೋಗ್ಯಕ್ಕೆ ಇಡುತ್ತೇವೆಂದು ನೈಜೀರಿಯಾದ ಅಬುಜಾದಲ್ಲಿ ಸೇರಿದ್ದ ಆಫ್ರಿಕಾದ ರಾಷ್ಟ್ರನಾಯಕರು ಮಾತು ಕೊಟ್ಟಿದ್ದರು. ಕೃಷಿಗೆ ಶೇ 10 ಎಂಬ ಮಾತು 2003ರಲ್ಲಿ ಮೊಜಾಂಬಿಕ್‌ನ ಮಪುಟೊದಲ್ಲಿ ಬಂತು. ಅಂತರರಾಷ್ಟ್ರೀಯ ಅಭಿವೃದ್ಧಿ ಕ್ಷೇತ್ರಕ್ಕೆ ಬರಲು ಹಂಬಲಿಸುವ ಯುವ ವೃತ್ತಿಪರರಿಗೆ ಇವೆಲ್ಲ ಬಾಯಿಪಾಠ. ಅವರ ಉತ್ಸಾಹ ಬೇಕೇಬೇಕು. ಆದರೆ ಹಳ್ಳಿಯ ಡಿಸ್ಪೆನ್ಸರಿಗೆ ಮೂರು ತಿಂಗಳಿಂದ ಔಷಧ ಏಕೆ ಬಂದಿಲ್ಲ ಎಂಬುದಕ್ಕೆ ಘೋಷಣೆಗಳಲ್ಲಿ ಉತ್ತರವಿಲ್ಲ. ಅದನ್ನು ಬಜೆಟ್ ಕಡತದಲ್ಲೇ ಹುಡುಕಬೇಕು. ಹಾಗಾಗಿ ಇಡೀ ಖಂಡವನ್ನು ಒಮ್ಮೆಗೇ ಓದಹೊರಡದೆ ಒಂದು ದೇಶ, ಅದರೊಳಗೆ ಒಂದು ಜಿಲ್ಲೆ ಹಿಡಿಯುವುದು ಒಳ್ಳೆಯದು. ಆರಂಭಕ್ಕೆ ಕೆನ್ಯಾ ಸೂಕ್ತ: ಅಲ್ಲಿ ಕಾನೂನು ಸ್ಪಷ್ಟವಾಗಿದೆ, ದಾಖಲೆಗಳು ಸಾರ್ವಜನಿಕವಾಗಿವೆ.

2010ರ ಸಂವಿಧಾನ ಆ ದೇಶವನ್ನು 47 ಕೌಂಟಿಗಳಾಗಿ, ಅಂದರೆ ಸ್ವಂತ ಸರ್ಕಾರವಿರುವ ಜಿಲ್ಲೆಗಳಾಗಿ, ವಿಂಗಡಿಸಿತು. 2013ರ ಚುನಾವಣೆಯ ನಂತರ ಕೌಂಟಿ ಸರ್ಕಾರಗಳು ಕೆಲಸ ಶುರುಮಾಡಿದವು. ಪ್ರಾಥಮಿಕ ಆರೋಗ್ಯ, ಆಂಬುಲೆನ್ಸ್, ಕೌಂಟಿ ಆಸ್ಪತ್ರೆಗಳು ಅವುಗಳ ಪಾಲಿಗೆ ಬಂದವು. ಆರೋಗ್ಯ ನೀತಿ ಮತ್ತು ರಾಷ್ಟ್ರೀಯ ರೆಫರಲ್ ಆಸ್ಪತ್ರೆಗಳು ಕೇಂದ್ರದಲ್ಲೇ ಉಳಿದವು. ರಾಷ್ಟ್ರೀಯ ವರಮಾನದ ಕನಿಷ್ಠ ಶೇ 15 ಕೌಂಟಿಗಳಿಗೆ ಸೇರಬೇಕೆಂದು 203ನೇ ವಿಧಿ ಹೇಳುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಈ ಶೇ 15ರ ಲೆಕ್ಕ ಈ ವರ್ಷದ ವರಮಾನದ ಮೇಲಲ್ಲ, ಲೆಕ್ಕಪರಿಶೋಧನೆ ಮುಗಿದು ರಾಷ್ಟ್ರೀಯ ಸಭೆ ಒಪ್ಪಿದ ಕೊನೆಯ ವರ್ಷದ್ದರ ಮೇಲೆ. ಒಪ್ಪಿಗೆ ತಡವಾದಷ್ಟೂ ಮೂಲಾಂಕಿ ಹಳೆಯದಾಗುತ್ತದೆ, ಕನಿಷ್ಠ ಪಾಲಿನ ಭರವಸೆ ತೆಳುವಾಗುತ್ತದೆ.

ಮುಂದೆ ತಿಳಿಯಬೇಕಾದದ್ದು ದಿನಾಂಕಗಳು. ಹಣಕಾಸು ವರ್ಷ ಜುಲೈ 1ರಿಂದ ಜೂನ್ 30. ಸಾರ್ವಜನಿಕ ಹಣಕಾಸು ನಿರ್ವಹಣೆಯ 2012ರ ಕಾಯ್ದೆಯಂತೆ ವಾರ್ಷಿಕ ಅಭಿವೃದ್ಧಿ ಯೋಜನೆ ಸೆಪ್ಟೆಂಬರ್ 1ರೊಳಗೆ, ಹಣಕಾಸು ಕಾರ್ಯತಂತ್ರ ಪತ್ರ ಫೆಬ್ರುವರಿ 28ರೊಳಗೆ, ಬಜೆಟ್ ಅಂದಾಜು ಏಪ್ರಿಲ್ 30ರೊಳಗೆ ಕೌಂಟಿ ಅಸೆಂಬ್ಲಿಗೆ ಹೋಗಬೇಕು. ಇವುಗಳಲ್ಲಿ ಫೆಬ್ರುವರಿಯದ್ದೇ ನಿರ್ಣಾಯಕ. ಆರೋಗ್ಯಕ್ಕೆಷ್ಟು, ರಸ್ತೆಗೆಷ್ಟು ಎಂಬ ಮಿತಿ ಅಲ್ಲೇ ಗೊತ್ತಾಗುತ್ತದೆ. ಏಪ್ರಿಲ್‌ನಲ್ಲಿ ಮನವಿ ಹಿಡಿದು ಹೋದವರಿಗೆ ಆ ಮಿತಿಯೊಳಗೆ ಅತ್ತಿತ್ತ ಸರಿಸುವುದಷ್ಟೇ ಸಾಧ್ಯ. ಸ್ವಯಂಸೇವಾ ಸಂಸ್ಥೆಗಳ ಎಷ್ಟೋ ಶ್ರಮ ಹೀಗೆ ಎರಡು ತಿಂಗಳು ತಡವಾಗಿ ವ್ಯರ್ಥವಾಗುತ್ತದೆ.

ಬಜೆಟ್ ಪಾಸಾದ ಮಾತ್ರಕ್ಕೆ ಹಣ ಕೈಗೆ ಬಂತೆಂದಲ್ಲ. ಕೌಂಟಿಯ ಖಾತೆಯಿಂದ ಹಣ ತೆಗೆಯಲು ಬಜೆಟ್ ಜಾರಿಯ ಮೇಲೆ ನಿಗಾ ಇಡುವ ಸ್ವತಂತ್ರ ಅಧಿಕಾರಿಯಾದ ಕಂಟ್ರೋಲರ್ ಆಫ್ ಬಜೆಟ್ ಅನುಮತಿ ಬೇಕು. ಆ ಕಚೇರಿಯ ತ್ರೈಮಾಸಿಕ ವರದಿಗಳೇ ನಮ್ಮ ನಿಜವಾದ ಪಠ್ಯಪುಸ್ತಕ. ಅಲ್ಲಿಂದ ಮೂರು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ: ಅನುಮೋದನೆ, ಬಿಡುಗಡೆ, ಖರ್ಚು. ಆರೋಗ್ಯ ಇಲಾಖೆಗೆ 10 ಕೋಟಿ ಶಿಲಿಂಗ್ ಅನುಮೋದನೆಯಾಗಿ, 5 ಕೋಟಿ ಬಿಡುಗಡೆಯಾಗಿ, ಅಷ್ಟೂ ಖರ್ಚಾಗಿದೆ ಎಂದಿಟ್ಟುಕೊಳ್ಳಿ. ಆಗ ತೊಡಕಿರುವುದು ಹಣ ಬರುವ ದಾರಿಯಲ್ಲಿ: ಒಂದೋ ರಾಜಧಾನಿ ನೈರೋಬಿಯ ಖಜಾನೆ ತಡಮಾಡಿದೆ, ಇಲ್ಲವೇ ಕೌಂಟಿ ತನ್ನ ಸ್ವಂತ ತೆರಿಗೆ, ಶುಲ್ಕಗಳ ಆದಾಯವನ್ನು ಉಬ್ಬಿಸಿ ಬರೆದಿದೆ. ಅದರ ಬದಲು 9 ಕೋಟಿ ಬಿಡುಗಡೆಯಾಗಿಯೂ 4 ಕೋಟಿಯಷ್ಟೇ ಖರ್ಚಾಗಿದ್ದರೆ ಟೆಂಡರ್ ಮತ್ತು ಖರೀದಿ ವಿಭಾಗದ ಬಾಗಿಲು ತಟ್ಟಬೇಕು. ಎರಡು ರೋಗ, ಎರಡು ಮದ್ದು. ಇದನ್ನು ಗುರುತಿಸದೆ ‘ಅನುದಾನ ಹೆಚ್ಚಿಸಿ’ ಎಂದು ಶಿಫಾರಸು ಬರೆಯುವುದು ತಪ್ಪು.

ಬಿಡುಗಡೆ ತಡವಾದರೆ ಸಂಬಳ ಮೊದಲು, ಔಷಧ ಆಮೇಲೆ. ಪೂರೈಕೆದಾರರ ಬಿಲ್ ಬಾಕಿ ಉಳಿದು ಮುಂದಿನ ವರ್ಷದ ಬಜೆಟ್ಟನ್ನೂ ತಿನ್ನುತ್ತದೆ, ಅವರು ಸರಕು ನಿಲ್ಲಿಸುತ್ತಾರೆ. ಕೇಂದ್ರದಲ್ಲಿ ಬಿದ್ದ ಏಟೂ ಇಲ್ಲಿಗೇ ತಾಗುತ್ತದೆ: 2024ರ ಜೂನ್‌ನಲ್ಲಿ ಯುವಜನರ ಪ್ರತಿಭಟನೆಯ ನಂತರ ತೆರಿಗೆ ಏರಿಸಬೇಕಿದ್ದ ಹಣಕಾಸು ಮಸೂದೆ ಹಿಂತೆಗೆದುಕೊಂಡದ್ದರಿಂದ, ಕೌಂಟಿಗಳ ಪಾಲು ಸುಮಾರು 40 ಸಾವಿರ ಕೋಟಿ ಶಿಲಿಂಗ್‌ನಿಂದ 38.7 ಸಾವಿರ ಕೋಟಿಗೆ ಇಳಿಯಿತು.

ವಿದೇಶಿ ನೆರವಿನ ವಿಷಯದಲ್ಲಿ ಕೇಳಬೇಕಾದದ್ದು ಒಂದೇ: ಆ ಹಣ ಕೌಂಟಿಯ ಬಜೆಟ್ ಒಳಗಿದೆಯೇ, ಹೊರಗಿದೆಯೇ? ಯೋಜನೆಯ ಹಣದಲ್ಲಿ ಗುತ್ತಿಗೆಗೆ ಬಂದ ನರ್ಸ್, ಲ್ಯಾಬ್ ತಂತ್ರಜ್ಞರಿಗೆ ಕೌಂಟಿಯಲ್ಲಿ ಮಂಜೂರಾದ ಹುದ್ದೆ ಇರುವುದಿಲ್ಲ. 2025ರ ಜನವರಿಯಲ್ಲಿ ಅಮೆರಿಕ ತನ್ನ ನೆರವು ತಡೆಹಿಡಿದಾಗ ಇಂಥ ಹುದ್ದೆಗಳು ಎಷ್ಟು ಬೇಗ ಕುಸಿಯುತ್ತವೆ ಎಂಬುದನ್ನು ಲೋಕವೇ ಕಂಡಿತು. ಯಾವ ವರ್ಷದಿಂದ ಎಷ್ಟು ಸಂಬಳವನ್ನು ಕೌಂಟಿ ಹೊರಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಸದ ಯೋಜನೆಗೆ ಸಹಿ ಹಾಕಬಾರದು.

ಇನ್ನು ಭಾಷೆ. ಜನರ ಭಾಗವಹಿಸುವಿಕೆಯನ್ನು 201ನೇ ವಿಧಿ ಕಡ್ಡಾಯ ಮಾಡಿದೆ. ಆದರೆ ಬಜೆಟ್ ದಾಖಲೆ ನೂರಾರು ಪುಟಗಳ ಇಂಗ್ಲಿಷ್‌ನಲ್ಲಿರುತ್ತದೆ, ವಾರ್ಡ್ ಸಭೆಯ ಮಾತು ಸ್ವಾಹಿಲಿಯಲ್ಲೋ ಸ್ಥಳೀಯ ನುಡಿಯಲ್ಲೋ ನಡೆಯುತ್ತದೆ. ಆ ವಾರ್ಡಿಗೆ ಸಂಬಂಧಿಸಿದ ಸಾಲುಗಳನ್ನಷ್ಟೇ ಹೆಕ್ಕಿ, ಕಳೆದ ವರ್ಷ ಅನುಮೋದನೆಯಾದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಎರಡು ಪುಟದ ಸ್ವಾಹಿಲಿ ಸಾರಾಂಶವನ್ನು ಸಭೆಗೆ ಒಂದು ವಾರ ಮೊದಲು ಊರವರ ಕೈಗಿಡಬಲ್ಲ ಯುವಕ, ಯುವತಿಯರು ಅಲ್ಲಿಗೆ ಬೇಕಾಗಿದ್ದಾರೆ.

— ಸಾರ್ವಜನಿಕ ಹಣಕಾಸು ಅಧ್ಯಯನದಲ್ಲಿ ತೊಡಗಿರುವ ಓದುಗರು